ಕೆ. ವೆಂಕಟಪ್ಪ
ಕೆ. ವೆಂಕಟಪ್ಪ (1886–1965) ಆಧುನಿಕ ಕರ್ನಾಟಕದ ಅಗ್ರಗಣ್ಯ ಚಿತ್ರಕಲಾವಿದರು. ಮೈಸೂರಿನ ಚಿತ್ರಗಾರ ಮನೆತನದಲ್ಲಿ ಜನಿಸಿದ ಇವರು ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ ಕಲ್ಕತ್ತೆಯ ಸರ್ಕಾರಿ ಕಲಾಶಾಲೆಗೆ ತೆರಳಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಪುರಾಣಕಥಾ ಗ್ರಂಥಕ್ಕೆ ರಾಮಾಯಣದ ಚಿತ್ರಗಳನ್ನು ರಚಿಸಿದರು.

ಮೈಸೂರಿಗೆ ಮರಳಿದ ಬಳಿಕ ವೀಣೆ ಶೇಷಣ್ಣನವರಲ್ಲಿ ವೀಣಾಭ್ಯಾಸಕ್ಕೆ ತೊಡಗಿ, ಕೆಲಕಾಲ ಕುಂಚವನ್ನು ಬಹುಮಟ್ಟಿಗೆ ಬದಿಗಿಟ್ಟರು. ಚಿತ್ರಕಲೆಗೆ ಅದು ನಷ್ಟವೆನಿಸಬಹುದಾದರೂ, ಅವರ ಶ್ರೇಷ್ಠ ಕೃತಿಗಳು ಬಂದದ್ದು ಅನಂತರವೇ: 1920ರ ದಶಕದ ಊಟಿ, ಕೊಡೈಕೆನಾಲ್ ಜಲವರ್ಣಗಳಲ್ಲಿ ಬೆಟ್ಟಗಳಿಗಿಂತ ಮಿಗಿಲಾಗಿ ಮಂಜು, ಮೋಡ, ಬೆಳದಿಂಗಳುಗಳೇ ಮುಖ್ಯವಾಗಿವೆ. ಅರಮನೆಗಾಗಿ ಗಚ್ಚಿನ ಉಬ್ಬುಚಿತ್ರಗಳನ್ನೂ ನಿರ್ಮಿಸಿದರು.

1940ರಲ್ಲಿ ಒಡೆಯರು ನಿಧನರಾದಾಗ ಆಶ್ರಯ ತಪ್ಪಿತು; ಅರಮನೆಯೊಡನೆ ವ್ಯಾಜ್ಯವೂ ನಡೆಯಿತು. ಅವಿವಾಹಿತರಾಗಿಯೇ ಉಳಿದ ವೆಂಕಟಪ್ಪ ಬೆಂಗಳೂರಿನಲ್ಲಿ ನೆಲೆಸಿದರು. ಕಸ್ತೂರಬಾ ರಸ್ತೆಯ ವೆಂಕಟಪ್ಪ ಕಲಾ ಗ್ಯಾಲರಿಯಲ್ಲಿ ಅವರ ಕೃತಿಗಳಿವೆ.