ಬೆಳಕಿನ ಬೆನ್ನು ಹತ್ತಿದ ವಿಜ್ಞಾನಿ

ಬೆಂಗಳೂರಿನ ಉತ್ತರ ಭಾಗದಲ್ಲಿ, ಮೇಖ್ರಿ ವೃತ್ತದ ಸಮೀಪ, ಮರಗಿಡಗಳ ನೆರಳಿನಲ್ಲಿ ರಾಮನ್ ಸಂಶೋಧನಾ ಸಂಸ್ಥೆಯಿದೆ. ಬೆಳಕಿನ ಮರ್ಮವನ್ನರಿಯಲು ಬಾಳನ್ನೇ ಮುಡಿಪಾಗಿಟ್ಟ ಚಂದ್ರಶೇಖರ ವೆಂಕಟರಾಮನ್ ಅವರ ಕೊನೆಯ ಕರ್ಮಭೂಮಿ ಅದು.

ರಾಮನ್ ಅವರು 1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದರು. 1907ರಲ್ಲಿ ಕಲ್ಕತ್ತೆಯಲ್ಲಿ ಹಣಕಾಸು ಇಲಾಖೆಯ ಅಧಿಕಾರಿಯಾದರು. ಕಚೇರಿಯ ವೇಳೆಗೆ ಮುನ್ನವೂ ಅನಂತರವೂ ಪ್ರಯೋಗಗಳಲ್ಲಿ ಮಗ್ನರಾಗಿರುತ್ತಿದ್ದರು. 1917ರಲ್ಲಿ ಹೆಚ್ಚು ಸಂಬಳದ ಆ ಹುದ್ದೆಯನ್ನು ತೊರೆದು ಕಲ್ಕತ್ತಾ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದರು.

1921ರಲ್ಲಿ ಹಡಗಿನಲ್ಲಿ ಪ್ರಯಾಣಿಸುವಾಗ ಮೆಡಿಟರೇನಿಯನ್ ಸಮುದ್ರದ ನೀಲವರ್ಣವು ಅವರನ್ನು ಸೆರೆಹಿಡಿಯಿತು. ಅದು ಕೇವಲ ಆಗಸದ ಪ್ರತಿಬಿಂಬವೆಂಬ ವಿವರಣೆಯನ್ನು ಅವರು ಒಪ್ಪಲಿಲ್ಲ. ಆ ಸಂದೇಹವೇ ಸಂಶೋಧನೆಗೆ ಬೀಜವಾಯಿತು. ಕೆ. ಎಸ್. ಕೃಷ್ಣನ್ ಅವರ ಸಹಕಾರದಿಂದ ನಡೆದ ಪ್ರಯೋಗಗಳು 1928ರ ಫೆಬ್ರವರಿ 28ರಂದು ಫಲಿಸಿದವು. ಒಂದೇ ಬಣ್ಣದ ಬೆಳಕು ದ್ರವದಲ್ಲಿ ಚದುರಿದಾಗ ಅದರ ಅತ್ಯಲ್ಪ ಅಂಶವು ಬೇರೆ ಬಣ್ಣ ತಳೆಯುತ್ತದೆಂದು ಸಿದ್ಧವಾಯಿತು. ಇದೇ ರಾಮನ್ ಪರಿಣಾಮ. ಇದಕ್ಕಾಗಿ 1930ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

1933ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದರು. ಮರುವರ್ಷ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದರು. 1948ರಲ್ಲಿ ನಿವೃತ್ತರಾದಾಗ ಅವರಿಗೆ ಅರವತ್ತು ವರ್ಷ. ಅನ್ಯರು ವಿಶ್ರಾಂತಿ ಬಯಸುವ ಆ ವಯಸ್ಸಿನಲ್ಲಿ, ಮೈಸೂರು ಮಹಾರಾಜರು ಅಕಾಡೆಮಿಗೆ ನೀಡಿದ್ದ ನೆಲದಲ್ಲಿ ಹೊಸ ಸಂಸ್ಥೆಯನ್ನು ಕಟ್ಟಿದರು. ಸರ್ಕಾರದ ನೆರವು ಪಡೆದರೆ ಸಂಶೋಧಕನ ಸ್ವಾತಂತ್ರ್ಯಕ್ಕೆ ಕುಂದು ಬರುವುದೆಂದು ಬಗೆದು, ದಾನಿಗಳ ಬಳಿಗೆ ತಾವೇ ಹೋದರು. ಮೊದಮೊದಲು ಅಲ್ಲಿ ವಿದ್ಯುತ್ತೇ ಇರಲಿಲ್ಲ. ರಾಮನ್ ಅದಕ್ಕಾಗಿ ಕಾಯಲಿಲ್ಲ. ಕನ್ನಡಿ, ಮಸೂರಗಳ ನೆರವಿನಿಂದ ಸೂರ್ಯನ ಬೆಳಕನ್ನೇ ಪ್ರಯೋಗಕ್ಕೆ ಬಳಸಿದರು.

ಇಂದು ಗಣಕಯಂತ್ರಗಳ ಬೃಹತ್ ದತ್ತಾಂಶ ಕೇಂದ್ರಗಳಲ್ಲಿ ಬೆರಳುದ್ದದ ಸಾಧನಗಳು ವಿದ್ಯುತ್ ಸಂಕೇತವನ್ನು ಬೆಳಕಾಗಿಸಿ, ಕೂದಲೆಳೆಯಂಥ ಗಾಜಿನ ತಂತುಗಳಲ್ಲಿ ಕಳುಹಿಸುತ್ತವೆ. ಬಂದ ಬೆಳಕನ್ನು ಮರಳಿ ವಿದ್ಯುತ್ತಾಗಿಸುತ್ತವೆ. ಇವು ಆದಷ್ಟು ಕಡಿಮೆ ವಿದ್ಯುತ್ತನ್ನು ಬಳಸುವಂತೆ ಮಾಡುವುದು ಇಂದಿನ ತಂತ್ರಜ್ಞರ ಗುರಿ. ಊರಿಂದೂರಿಗೆ ಸಾಗುವ ತಂತುಗಳಲ್ಲಿ ಬೆಳಕು ಕ್ಷೀಣಿಸಿದಾಗ ಅದಕ್ಕೆ ಬಲ ತುಂಬುವ ಒಂದು ವಿಧಾನವು ರಾಮನ್ ಪರಿಣಾಮವನ್ನೇ ಆಧರಿಸಿದೆ. ಅಂದು ಕಣ್ಣಿಗೆ ಕಂಡೂ ಕಾಣದಂತಿದ್ದ ಕಿರಣವು ಇಂದು ಲೋಕದ ಸುದ್ದಿಯನ್ನು ಹೊರಲು ನೆರವಾಗಿದೆ.

1954ರಲ್ಲಿ ಭಾರತರತ್ನ ಪ್ರಶಸ್ತಿ ಪಡೆದ ರಾಮನ್ ಅವರು 1970ರ ನವೆಂಬರ್ 21ರಂದು ನಿಧನರಾದರು. ಅವರ ಇಚ್ಛೆಯಂತೆ ಅಂತ್ಯಸಂಸ್ಕಾರವು ಸಂಸ್ಥೆಯ ತೋಟದಲ್ಲಿಯೇ ನಡೆಯಿತು. ಆ ಸ್ಥಳದಲ್ಲಿ ಸ್ಮಾರಕ ಭವನವಿಲ್ಲ, ಒಂದು ಮರವಿದೆ. ಉಪಕರಣಗಳ ಕೊರತೆ ಜಿಜ್ಞಾಸುವಿಗೆ ಅಡ್ಡಿಯಾಗಲಾರದೆಂಬುದಕ್ಕೆ ಅವರ ಬಾಳೇ ನಿದರ್ಶನ.