ಹಗ್ಗ ಕಡಿಸಿದ ಓಟಿಸ್

1850ರ ಹೊತ್ತಿಗೆ ಲಿಫ್ಟ್ ಅಂದ್ರೆ ಸಾಮಾನು ಎತ್ತೋಕೆ. ಹಗ್ಗ ಕಡಿದ್ರೆ ಒಳಗಿದ್ದವರ ಕಥೆ ಮುಗೀತು. ಎಲಿಷಾ ಓಟಿಸ್ 1811ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ಹುಟ್ಟಿದವನು. ಗಾಡಿ, ಗಿರಣಿ ಯಾವುದೂ ಕೈಹಿಡಿಯಲಿಲ್ಲ. 1852ರಲ್ಲಿ ಮಂಚದ ಕಾರ್ಖಾನೆಯೊಂದರಲ್ಲಿದ್ದಾಗ ಲಿಫ್ಟಿನ ತಲೆ ಮೇಲೆ ಗಾಡಿಯ ಸ್ಪ್ರಿಂಗ್ ಕೂರಿಸಿದ. ಹಗ್ಗ ಬಿಗಿಯಾಗಿರೋವರೆಗೆ ಅದು ಬಾಗಿರುತ್ತೆ. ಕಡಿದ ಕೂಡಲೇ ನೆಟ್ಟಗಾಗಿ ಇಕ್ಕೆಲದ ಹಲ್ಲುಕಂಬಿಗಳನ್ನು ಕಚ್ಚುತ್ತೆ. 1854ರಲ್ಲಿ ನ್ಯೂಯಾರ್ಕಿನ ಪ್ರದರ್ಶನವೊಂದರಲ್ಲಿ ತಾನೇ ಲಿಫ್ಟ್ ಹತ್ತಿ ಮೇಲೆ ಹೋಗಿ, ಜನರ ಕಣ್ಣೆದುರೇ ಹಗ್ಗ ಕಡಿಸಿದ. ನಮಗಂತೂ ವೈವಾದಲ್ಲೇ ಕೈ ನಡುಗುತ್ತೆ! ಲಿಫ್ಟ್ ಬೀಳಲಿಲ್ಲ. 1857ರಲ್ಲಿ ಬ್ರಾಡ್‌ವೇ ಅಂಗಡಿಯೊಂದರಲ್ಲಿ ಅವನ ಲಿಫ್ಟ್ ಜನರನ್ನೇ ಹೊತ್ತಿತು. 1861ರಲ್ಲಿ ಡಿಫ್ತೀರಿಯಾದಿಂದ ತೀರಿಕೊಂಡಾಗ ಐವತ್ತೂ ತುಂಬಿರಲಿಲ್ಲ.

ಇವತ್ತು ಹೆಬ್ಬಾಳದ ಅಪಾರ್ಟ್‌ಮೆಂಟ್‌ಗಳಲ್ಲಿ ನಾವು ಹತ್ತೋ ಲಿಫ್ಟ್‌ಗೂ ಬೀಳದಂತೆ ಹಿಡಿಯೋ ಸೇಫ್ಟಿ ಗೇರ್ ಇರಬೇಕು. ಕರ್ನಾಟಕದ 2012ರ ಕಾಯ್ದೆ ಪ್ರಕಾರ ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಇಲ್ಲದೆ ಅದನ್ನು ಓಡಿಸುವಂತಿಲ್ಲ.