ಒಂದೇ ಬೆಟ್ಟವನ್ನು ಮತ್ತೆ ಮತ್ತೆ ಹತ್ತಿದ ಗುರು: ವಂ. ದೆಲಾವೆ

ತೋಟಗಾರಿಕೆಯ ಪುಸ್ತಕ ತೆರೆದರೆ ಕೆಲವು ಗಿಡಮರಗಳ ಶಾಸ್ತ್ರೀಯ ಹೆಸರಿನ ಕೊನೆಯಲ್ಲಿ ‘ದೆಲಾವೆಯಿ’ ಎಂಬ ಪದ ಕಾಣಸಿಗುತ್ತದೆ. ಇದು ಒಬ್ಬ ಕಥೋಲಿಕ ಗುರುವಿನ ನೆನಪಿಗಾಗಿ ಇಟ್ಟ ಹೆಸರು.

ವಂದನೀಯ ಜಾನ್ ಮರಿ ದೆಲಾವೆ 1834ರ ಡಿಸೆಂಬರ್ 28ರಂದು, ಈಗ ಫ್ರಾನ್ಸ್‌ಗೆ ಸೇರಿರುವ ಸವೊಯ್ ಬೆಟ್ಟಸೀಮೆಯಲ್ಲಿ ಜನಿಸಿದರು. ಒಂದು ಕಾಲದಲ್ಲಿ ಬೆಂಗಳೂರು, ಮೈಸೂರು ಭಾಗದಲ್ಲಿ ಸೇವೆ ಸಲ್ಲಿಸಿದ ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆಯ ಗುರುವಾಗಿ 1867ರಲ್ಲಿ ಚೀನಾಕ್ಕೆ ತೆರಳಿದರು. 1881ರಲ್ಲಿ ಪ್ಯಾರಿಸ್‌ನಲ್ಲಿದ್ದಾಗ ಸಸ್ಯಪ್ರೇಮಿ ಗುರು ಅರ್ಮಾಂದ್ ದಾವಿದ್ ಅವರ ಭೇಟಿಯಾಯಿತು. ಅವರ ಒತ್ತಾಸೆಯಿಂದ ಪ್ಯಾರಿಸ್‌ನ ವಸ್ತುಸಂಗ್ರಹಾಲಯಕ್ಕೆ ಸಸ್ಯಗಳನ್ನು ಕಳುಹಿಸಲು ಒಪ್ಪಿಕೊಂಡರು.

ನಂತರ ಅವರ ಸೇವಾಕ್ಷೇತ್ರ ಚೀನಾದ ಯುನ್ನಾನ್ ಪ್ರಾಂತ್ಯ. ಅಲ್ಲಿನ ದಾಲಿ ಪಟ್ಟಣದ ಬಳಿ 4,000 ಮೀಟರಿಗೂ ಎತ್ತರದ ಚಾಂಗ್‌ಶಾನ್ ಬೆಟ್ಟಸಾಲಿದೆ. ದೆಲಾವೆ ಇದನ್ನು ಸುಮಾರು 60 ಸಲ ಹತ್ತಿದರೆಂದು ಹೇಳಲಾಗುತ್ತದೆ. ಒಂದೇ ಬೆಟ್ಟಕ್ಕೆ ಇಷ್ಟು ಸಲ ಏಕೆ? ವರ್ಷವಿಡೀ ಹಸಿರಾಗಿರುವ ಗಿಡಗಳು ದೂರದಿಂದ ಒಂದೇ ರೀತಿ ಕಾಣುತ್ತವೆ. ರೋಡೋಡೆಂಡ್ರಾನ್ ಪೊದೆಗಳನ್ನು ಗುರುತಿಸಲು ಹೂವಿನ ಬಣ್ಣವಷ್ಟೇ ಸಾಲದು. ಎಲೆಯನ್ನು ಮಗುಚಿ ಅಡಿಭಾಗದಲ್ಲಿ ಕಂದು ರೋಮ ಇದೆಯೇ ಎಂದು ನೋಡಬೇಕು. ಮೇಲಿನ ಕಾಡಿನ ಫರ್ ಮರದ ಸೂಜಿಯೆಲೆಗಳ ಅಂಚು ಒಳಕ್ಕೆ ಸುರುಳಿಯಾಗಿರುತ್ತದೆ, ಅಡಿಯಲ್ಲಿ ಎರಡು ಬಿಳಿ ಪಟ್ಟೆಗಳಿರುತ್ತವೆ. ಕಡು ನೇರಳೆ ಬಣ್ಣದ ಕಾಯಿಗಳು ಕೊಂಬೆಯ ಮೇಲೆ ನೆಟ್ಟಗೆ ನಿಲ್ಲುತ್ತವೆ. ಹೂವು ಒಂದು ಋತುವಿನಲ್ಲಿ, ಬೀಜ ಇನ್ನೊಂದರಲ್ಲಿ. ಆದ್ದರಿಂದ ಅದೇ ಹಾದಿಯನ್ನು ಮತ್ತೆ ತುಳಿಯಲೇಬೇಕು.

ಹೀಗೆ ಅವರು ಕಳುಹಿಸಿದ ಒಣಗಿಸಿದ ಮಾದರಿಗಳು ಸುಮಾರು 2,00,000. ಅವುಗಳಲ್ಲಿ 4,000ಕ್ಕೂ ಹೆಚ್ಚು ಜಾತಿಗಳಿದ್ದು, ಸುಮಾರು 1,500 ವಿಜ್ಞಾನಕ್ಕೆ ಹೊಸತಾಗಿದ್ದವು. ಪ್ಯಾರಿಸ್‌ನಲ್ಲಿ ಅವುಗಳಿಗೆ ಹೆಸರಿಡುತ್ತಿದ್ದ ಸಸ್ಯವಿಜ್ಞಾನಿ ಅದ್ರಿಯಾಂ ಫ್ರಾಂಶೆ ಅವರಿಗೆ ಈ ರಾಶಿಯನ್ನು ಮುಗಿಸಲಾಗಲಿಲ್ಲ. ಎಷ್ಟೋ ಕಟ್ಟುಗಳು ಬಿಚ್ಚದೆಯೇ ಉಳಿದವು. ಕಳುಹಿಸಿದ ಬೀಜಗಳಲ್ಲೂ ಬಹುಪಾಲು ಮೊಳೆಯಲಿಲ್ಲ. 1890ರಲ್ಲಿ ಕಳುಹಿಸಿದ ಆಸ್ಮಾಂಥಸ್ ಎಂಬ ಹಸಿರು ಪೊದೆಯ ಬೀಜಗಳಲ್ಲಿ ಒಂದೇ ಒಂದು ಚಿಗುರಿತು. ಬಿಳಿಯ ಪರಿಮಳದ ಹೂ ಬಿಡುವ ಆ ಗಿಡ ಅದರಿಂದಲೇ ಯುರೋಪಿನ ತೋಟಗಳಿಗೆ ಹಬ್ಬಿತು.

ಈ ನಡುವೆ ಪ್ಲೇಗ್ ರೋಗ ತಗಲಿ ದೆಲಾವೆಯವರ ಆರೋಗ್ಯ ಕುಸಿಯಿತು, ಒಂದು ಕೈ ಸ್ವಾಧೀನ ತಪ್ಪಿತು. ಚಿಕಿತ್ಸೆಗೆಂದು ಫ್ರಾನ್ಸ್‌ಗೆ ಹೋದವರು ಅಲ್ಲೇ ಉಳಿಯದೆ ಮತ್ತೆ ಯುನ್ನಾನ್‌ಗೆ ಮರಳಿ ಸಂಗ್ರಹವನ್ನು ಮುಂದುವರಿಸಿದರು. 1895ರ ಡಿಸೆಂಬರ್ 31ರಂದು ಅಲ್ಲಿಯೇ ಪ್ರಭುವಿನಲ್ಲಿ ನಿದ್ರಿಸಿದರು.

ತಾವು ಕಳುಹಿಸಿದ ಕಟ್ಟುಗಳನ್ನು ಯಾರಾದರೂ ಬಿಚ್ಚುವರೇ ಎಂಬ ಖಾತ್ರಿ ಅವರಿಗಿರಲಿಲ್ಲ. ಆದರೂ ಪ್ರತಿ ಎಲೆಯನ್ನೂ ಮಗುಚಿ ನೋಡಿದರು. ಫಲ ಕಾಣದೆ ಬೇಸರಿಸುವ ನಮ್ಮ ಧರ್ಮಕೇಂದ್ರಗಳ ಸೇವಾಕರ್ತರಿಗೆ ಈ ಬಾಳು ಸಾಂತ್ವನ ನೀಡಲಿ.